ಪುಟ ತೆರೆಯುವ ಮುನ್ನ ತಾಳ್ಮೆ ಮುಗಿದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಇಂದು ಟೊಮೆಟೊ ಧಾರಣೆ ಎಷ್ಟು, ಶ್ರೀನಿವಾಸಪುರದಲ್ಲಿ ಮಾವು ಯಾವ ಬೆಲೆಗೆ ಹೋಯಿತು ಎಂದು ಮೊಬೈಲಿನಲ್ಲಿ ನೋಡಲು ಹೊರಟವರಿಗೆ ಸುತ್ತುತ್ತಲೇ ಇರುವ ಆ ಪುಟ್ಟ ಚಕ್ರದ ಪರಿಚಯ ಚೆನ್ನಾಗಿಯೇ ಇದೆ. ಸಿಗ್ನಲ್ ಇಲ್ಲವೆಂದು ಗೊಣಗುತ್ತೇವೆ. ಅದೂ ನಿಜವಿರಬಹುದು. ಆದರೆ ಪುಟಗಳನ್ನು ತೆರೆದು ತೋರಿಸುವ ಕ್ರೋಮ್, ಫೈರ್‌ಫಾಕ್ಸ್‌ನಂಥ ಆ್ಯಪ್, ಅಂದರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನಾವೇ ಮಾಡಿಕೊಳ್ಳಬಹುದಾದ ಕೆಲಸವೂ ಸ್ವಲ್ಪ ಇದೆ.

ಮೊದಲಿಗೆ, ಮಾಡಬಾರದ ಕೆಲಸವೊಂದನ್ನು ಹೇಳುತ್ತೇನೆ. 'ಫೋನ್ ನಿಧಾನವೇ? ಕ್ಯಾಶೆ ಅಳಿಸಿ' ಎಂಬ ಸಲಹೆ ಮೊಬೈಲ್ ಅಂಗಡಿಯಿಂದ ಹಿಡಿದು ನೆಂಟರ ವಾಟ್ಸ್‌ಆ್ಯಪ್ ಗುಂಪಿನವರೆಗೆ ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ. ಒಮ್ಮೆ ನೋಡಿದ ಪುಟದ ಚಿತ್ರ, ಲಾಂಛನ, ಫಾಂಟುಗಳನ್ನು ಬ್ರೌಸರ್ ನಿಮ್ಮ ಫೋನಿನಲ್ಲೇ ಎತ್ತಿಟ್ಟುಕೊಂಡಿರುತ್ತದೆ, ಅದೇ ಕ್ಯಾಶೆ. ಅದನ್ನು ದಿನವೂ ಅಳಿಸುವುದೆಂದರೆ ಮನೆಯಲ್ಲಿ ರಾಗಿ ಇಟ್ಟುಕೊಂಡು ಹೊತ್ತುಹೊತ್ತಿಗೂ ಸಂತೆಗೆ ಓಡಿದಂತೆ. ಪುಟ ಅರೆಬರೆಯಾಗಿ ಕಂಡಾಗ ಅಥವಾ ಫೋನಿನಲ್ಲಿ ಜಾಗವೇ ಉಳಿಯದಿದ್ದಾಗ ಅಳಿಸಿದರೆ ಸಾಕು.

ಇನ್ನು ಪುಟದ ಭಾರ. ನಮಗೆ ಬೇಕಾದದ್ದು ಬೆಲೆಯ ಒಂದು ಸಾಲು. ಅದರ ಬೆನ್ನಿಗೆ ಜಾಹೀರಾತುಗಳು ಬರುತ್ತವೆ, ನಾವು ಏನು ನೋಡುತ್ತೇವೆಂದು ಹಿಂಬಾಲಿಸುವ ಸ್ಕ್ರಿಪ್ಟುಗಳೂ, ಅಂದರೆ ಪುಟದೊಳಗೆ ಅಡಗಿರುವ ಪುಟ್ಟ ಪ್ರೋಗ್ರಾಂಗಳೂ ಬರುತ್ತವೆ. ಫೈರ್‌ಫಾಕ್ಸ್ ಬಳಸುವವರು ಸೆಟ್ಟಿಂಗ್ಸ್‌ನ 'ಟ್ರ್ಯಾಕಿಂಗ್ ಪ್ರೊಟೆಕ್ಷನ್' ವಿಭಾಗದಲ್ಲಿ 'ಸ್ಟ್ರಿಕ್ಟ್' ಆರಿಸಿಕೊಳ್ಳಿ. ಅನೇಕ ಪುಟಗಳು ಹಗುರಾಗುತ್ತವೆ. ಯಾವುದಾದರೂ ತಾಣ ಇದರಿಂದ ಮುನಿಸಿಕೊಂಡು ಕೆಲಸ ನಿಲ್ಲಿಸಿದರೆ, ವಿಳಾಸದ ಪಕ್ಕದ ಗುರಾಣಿ ಚಿಹ್ನೆಯನ್ನು ಒತ್ತಿ ಅದೊಂದಕ್ಕೆ ಮಾತ್ರ ರಿಯಾಯಿತಿ ಕೊಡಬಹುದು.

ಕ್ರೋಮ್‌ನಲ್ಲಿ 'ಪ್ರಿಲೋಡ್ ಪೇಜಸ್' ಎಂಬ ಆಯ್ಕೆ ಇದೆ. ನೀವು ಮುಂದೆ ಯಾವ ಪುಟಕ್ಕೆ ಹೋಗಬಹುದೆಂದು ಊಹಿಸಿ ಅದನ್ನು ಮೊದಲೇ ತರಿಸಿಡುತ್ತದೆ. ಊಹೆ ತಪ್ಪಿದರೆ ಡೇಟಾ ನಷ್ಟ. ದಿನದ ಡೇಟಾ ಸಂಜೆಗೇ ಮುಗಿದುಹೋಗುವವರು ಆ ಆಯ್ಕೆಯನ್ನು ಆಫ್ ಮಾಡಿಡುವುದೇ ಲೇಸು.

ವರ್ಷಗಳಿಂದ ಕೈಬದಲಾಗುತ್ತಿರುವ ಒಂದು ಉಪಾಯವೂ ಉಂಟು: ಫೈರ್‌ಫಾಕ್ಸ್‌ನ ಒಳಸೆಟ್ಟಿಂಗ್ ತೆರೆದು 'ಪೈಪ್‌ಲೈನಿಂಗ್' ಚಾಲೂ ಮಾಡಿ ಎಂಬುದು. ಬ್ರೌಸರ್ ತಾಣಕ್ಕೆ ಕಳಿಸಿದ ಒಂದು ಕೋರಿಕೆಗೆ ಉತ್ತರ ಬರುವ ಮೊದಲೇ ಮುಂದಿನ ಕೋರಿಕೆಗಳನ್ನೂ ಸಾಲಾಗಿ ಕಳಿಸುವ ವಿಧಾನವಿದು. ಕೇಳಲು ಚೆಂದ. ಆದರೆ ಉತ್ತರಗಳೂ ಅದೇ ಸರದಿಯಲ್ಲಿ ಬರಬೇಕು. ಮೊದಲನೆಯದು ತಡವಾದರೆ ಅದರ ಹಿಂದೆ ನಿಂತವೆಲ್ಲ ಕಾಯಬೇಕು. ಎಷ್ಟೋ ಸರ್ವರುಗಳು, ಅಂದರೆ ಪುಟಗಳನ್ನು ಕಳಿಸಿಕೊಡುವ ಕಂಪ್ಯೂಟರುಗಳು, ಇದನ್ನು ಸರಿಯಾಗಿ ನಿಭಾಯಿಸುತ್ತಲೂ ಇರಲಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತನಾಡಿಕೊಳ್ಳುವ ನಿಯಮಗಳ ಹೊಸ ಆವೃತ್ತಿಯಾಗಿ 2015ರಲ್ಲಿ ಪ್ರಕಟವಾದ ಎಚ್‌ಟಿಟಿಪಿ-2 ಒಂದೇ ಸಂಪರ್ಕದಲ್ಲಿ ಹಲವು ಉತ್ತರಗಳನ್ನು ಸರದಿಯ ಹಂಗಿಲ್ಲದೆ ತರಬಲ್ಲದು. 2017ರಲ್ಲಿ ಫೈರ್‌ಫಾಕ್ಸ್ ಪೈಪ್‌ಲೈನಿಂಗನ್ನೇ ಕಿತ್ತುಹಾಕಿತು. ಹೊಸ ವಿಧಾನಕ್ಕೆ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ, ಬ್ರೌಸರ್ ಅಪ್‌ಡೇಟ್ ಮಾಡಿಕೊಂಡಿದ್ದರೆ ಆಯಿತು. ಕಂಪ್ಯೂಟರಿನಲ್ಲಿ ಎಂದೋ ಹಾಕಿಕೊಂಡು ಮರೆತ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ಪ್ರೋಗ್ರಾಂಗಳು, ಇದ್ದರೆ ಅವನ್ನೂ ತೆಗೆದುಹಾಕಿ.

ಇಷ್ಟಾದರೂ ಪುಟ ತೆವಳುತ್ತಿದ್ದರೆ, ಪಕ್ಕದ ಮನೆಯವರ ಫೋನಿನಲ್ಲಿ, ಬೇರೆ ಕಂಪನಿಯ ಸಿಮ್‌ನಲ್ಲಿ ಅದನ್ನೇ ತೆರೆದು ನೋಡಿ. ಅಲ್ಲಿ ಬೇಗ ಬಂದರೆ ನಿಮ್ಮ ನೆಟ್‌ವರ್ಕ್ ಅಥವಾ ಫೋನನ್ನು ಅನುಮಾನಿಸಿ. ಅಲ್ಲಿಯೂ ಹೀಗೆಯೇ ಆದರೆ ತೊಂದರೆ ಬಹುಶಃ ಆ ತಾಣದ್ದೇ. ಅದಕ್ಕೆ ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ.

ನಮಸ್ಕಾರ.