ಕೇಸ್ ಶೀಟಿನಿಂದ ಥೀಸಿಸ್‌ವರೆಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಈ ವರ್ಷ ಎಂ.ಡಿ., ಎಂ.ಎಸ್.ಗೆ ಸೇರಿದವರಿದ್ದೀರಿ, ಹಿಂದೆ ಹೌಸ್‌ಸರ್ಜನ್‌ಗಳಿದ್ದೀರಿ. ರೋಗಿಯ ವಿವರ ಬರೆಯುವ ಕೇಸ್ ಶೀಟಿನಿಂದ ಸಂಶೋಧನಾ ಪ್ರಬಂಧವಾದ ಥೀಸಿಸ್‌ವರೆಗಿನ ದಾರಿಯೇ ಇವತ್ತಿನ ವಿಷಯ. ನೈಟ್ ಡ್ಯೂಟಿ ಮುಗಿಸಿ ನೇರ ಬಂದವರು ನಿದ್ದೆ ಹೋದರೆ ಬೇಸರವಿಲ್ಲ. ರಕ್ತ ತುಂಬಿಸುವ ಟ್ಯೂಬಿನ ವಿಷಯ ಬಂದಾಗ ಮಾತ್ರ ಪಕ್ಕದವರು ಎಬ್ಬಿಸಿ.

ಬೆಂಗಳೂರಿನ ಕೋಟೆ ಪ್ರದೇಶವನ್ನೇ ತೆಗೆದುಕೊಳ್ಳಿ. ಕೆ.ಆರ್. ಮಾರ್ಕೆಟ್ಟಿನ ಮಗ್ಗುಲಲ್ಲಿ, ನಡೆದೇ ಹೋಗುವಷ್ಟು ದೂರದಲ್ಲಿ, ಒಂದು ಕಾಲೇಜು ಮತ್ತು ಅದಕ್ಕೆ ಸೇರಿದ ಆಸ್ಪತ್ರೆಗಳಿವೆ. ಮಿಂಟೊ ಕಣ್ಣಾಸ್ಪತ್ರೆಯ ಮೂಲ 1896ರದು, ಈಗಿನ ಕಟ್ಟಡ 1913ರದು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದರು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಹೆಂಗಸರ, ಮಕ್ಕಳ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಬೆಂಗಳೂರು ಮೆಡಿಕಲ್ ಕಾಲೇಜು ಹುಟ್ಟಿದ್ದು 1955ರಲ್ಲಿ. ಅಂದರೆ ಆಸ್ಪತ್ರೆ ಮೊದಲು, ಕಾಲೇಜು ಆಮೇಲೆ. ಈ ಕ್ರಮ ಬರೀ ಚರಿತ್ರೆಯಲ್ಲ. ಇಂಥ ಜಾಗದಲ್ಲಿ ಏನು ಕಲಿಯಬೇಕೆಂದು ಸಿಲಬಸ್ ಹೇಳುತ್ತದೆ, ಏನು ಕಲಿಯುತ್ತೀರಿ ಎಂಬುದನ್ನು ಓ.ಪಿ.ಡಿ. ಕ್ಯೂ ತೀರ್ಮಾನಿಸುತ್ತದೆ.

ಆ ಕ್ಯೂ ಉದ್ದವಿದ್ದ ಮಾತ್ರಕ್ಕೆ ಸಂಶೋಧನೆ ತಾನಾಗಿ ಆಗುವುದಿಲ್ಲ. "ನಮ್ಮಲ್ಲಿ ಕೇಸುಗಳಿಗೆ ಬರವಿಲ್ಲ" ಎಂಬ ಹೆಮ್ಮೆಯ ಮಾತು ಕೇಳಿರುತ್ತೀರಿ. ಕೇಸುಗಳಿಗೆ ಬರವಿಲ್ಲ, ಸರಿ. ಆದರೆ ಎರಡು ವರ್ಷದ ನಂತರ ತೆಗೆದು ಓದಿದರೆ ಅರ್ಥವಾಗುವಂಥ ಕೇಸ್ ಶೀಟಿಗೆ ಬರವಿದೆ. ರಾತ್ರಿ ಎರಡು ಗಂಟೆಗೆ ಹೌಸ್‌ಸರ್ಜನ್ ಬರೆಯುವ ಆ ಹಾಳೆಯೇ ಸಂಶೋಧನೆಯ ಮೊದಲ ಉಪಕರಣ ಎಂಬುದು ನನ್ನ ವಾದ.

ಮೊದಲು ಭಾಷೆ. ರೋಗಿ "ಸುಸ್ತು" ಅಂದರೆ ನೀವು ಇಂಗ್ಲಿಷಿನಲ್ಲಿ ಒಂದು ಪದ ಬರೆದು ಮುಂದೆ ಹೋಗುತ್ತೀರಿ. ಸುಸ್ತು ಎಂದರೆ ಮೈಯಲ್ಲಿ ಶಕ್ತಿಯಿಲ್ಲದಿರುವುದೋ, ತಲೆ ಸುತ್ತೋ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದೋ, ಯಾವುದರಲ್ಲೂ ಮನಸ್ಸಿಲ್ಲದಿರುವುದೋ? ನಾಲ್ಕಕ್ಕೂ ನಮ್ಮ ಜನ ಇದೇ ಪದ ಬಳಸುತ್ತಾರೆ. "ಎದೆ ಉರಿ" ಗ್ಯಾಸ್ಟ್ರಿಕ್ ಇರಬಹುದು, ಹೃದಯಾಘಾತವೂ ಇರಬಹುದು. ಹಾಗಾಗಿ ಮುಖ್ಯ ದೂರನ್ನು ರೋಗಿಯ ಮಾತಿನಲ್ಲೇ ಕನ್ನಡ ಲಿಪಿಯಲ್ಲಿ ಒಂದು ಸಾಲು ಬರೆಯಿರಿ, ನಿಮ್ಮ ವ್ಯಾಖ್ಯಾನವನ್ನು ಅದರ ಕೆಳಗೆ ಬರೆಯಿರಿ. ತಮಿಳು, ತೆಲುಗು, ಉರ್ದು ಮಾತಾಡುವವರಾದರೆ ಅನುವಾದಿಸಿದವರು ಯಾರೆಂದು ನಮೂದಿಸಿ: ಮಗನೋ, ಸಿಸ್ಟರೋ, ಪಕ್ಕದ ಬೆಡ್ಡಿನವರೋ. ಸೊಸೆಯ ಹೊಟ್ಟೆನೋವನ್ನು ಅತ್ತೆ ವಿವರಿಸಿದರೆ ಮುಟ್ಟಿನ ಚರಿತ್ರೆ ಸಿಗುವುದಿಲ್ಲ.

ವಯಸ್ಸಿನ ಕತೆಯೂ ಇಂಥದ್ದೇ. ಯಾವುದೇ ದೊಡ್ಡ ವಾರ್ಡಿನ ರಿಜಿಸ್ಟರ್ ತೆರೆದು ನೋಡಿ: 45, 50, 55, 60 ರಾಶಿ ಬಿದ್ದಿರುತ್ತವೆ, 47 ಮತ್ತು 53 ಅಪರೂಪ. ಜನ ಸುಮಾರಾಗಿ ಹೇಳುತ್ತಾರೆ, ನಾವು ನಿಖರವೆಂಬಂತೆ ಬರೆಯುತ್ತೇವೆ. ಆಧಾರ್ ಕೇಳುವ ಮೊದಲು ಮದುವೆಯಾದ ವರ್ಷ, ಮೊದಲ ಮಗುವಿನ ವಯಸ್ಸು ಕೇಳಿ. ಎಷ್ಟೋ ಆಧಾರ್ ಕಾರ್ಡಿನಲ್ಲೂ ಜನವರಿ 1 ಎಂದೇ ಇರುತ್ತದೆ.

ಈಗ ಟ್ಯೂಬು. ಪಕ್ಕದವರನ್ನು ಎಬ್ಬಿಸಿ. ಒಂದೇ ಸಲ ಚುಚ್ಚಿ ಹಲವು ಟ್ಯೂಬು ತುಂಬಿಸುವಾಗ ಕ್ರಮ ಹೀಗಿರಲಿ: ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಬಾಟಲಿ), ಆಮೇಲೆ ನೀಲಿ ಮುಚ್ಚಳ, ನಂತರ ಕೆಂಪು ಅಥವಾ ಹಳದಿ, ನಂತರ ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ.ಯ ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ನೇರಳೆಯಿಂದ ಸ್ವಲ್ಪ ಸುರಿದರೆ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಮೇಲೇರಿ, ಕ್ಯಾಲ್ಸಿಯಂ ಪಾತಾಳಕ್ಕಿಳಿದಿರುತ್ತದೆ. ಎರಡೂ ಒಟ್ಟಿಗೆ ಹೀಗೆ ಬಂದರೆ ಇ.ಸಿ.ಜಿ. ಮಾಡಿ, ಹೊಸ ಸ್ಯಾಂಪಲ್ ಕಳಿಸಿ, ಟ್ಯೂಬಿನ ಮೇಲೂ ಅನುಮಾನವಿರಲಿ. ನೀಲಿ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಬೇಕು, ಅದೂ ಹೆಪ್ಪುಗಟ್ಟದಂತೆ ತಡೆಯುವಂಥದ್ದೇ. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ, ರಕ್ತ ಹೆಪ್ಪುಗಟ್ಟಲು ಸುಳ್ಳುಸುಳ್ಳೇ ಹೆಚ್ಚು ಹೊತ್ತು ಹಿಡಿದಂತೆ ಕಾಣುತ್ತದೆ. ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಟ್ಯೂಬೇ ಬೇಕು. ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ ರಕ್ತಕಣಗಳು ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸನ್ನು ತಿಂದುಹಾಕುತ್ತವೆ. ಒಂದು ಕಟ್ಟಡದಲ್ಲಿ ರಕ್ತ ತೆಗೆದು ಇನ್ನೊಂದು ಕಟ್ಟಡದ ಲ್ಯಾಬಿಗೆ ಅಟೆಂಡರ್ ಕೈಲಿ ಕಳಿಸುವ ಆವರಣದಲ್ಲಿ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಎಂಟಕ್ಕೆ ತೆಗೆದದ್ದು ಹನ್ನೊಂದಕ್ಕೆ ಯಂತ್ರ ಸೇರಿದರೆ ನಿಮ್ಮ ಥೀಸಿಸ್ಸಿನ ಡಯಾಬಿಟಿಸ್ ಲೆಕ್ಕ ಅಲ್ಲಿಗೇ ಕೆಟ್ಟಿತು. ಡ್ರಿಪ್ ಹೋಗುತ್ತಿರುವ ಕೈಯಿಂದ ರಕ್ತ ಎಳೆಯಬೇಡಿ ಎಂಬುದನ್ನು ಎಲ್ಲರೂ ಓದಿರುತ್ತೀರಿ. ಮಧ್ಯರಾತ್ರಿ ಅದನ್ನು ಯಾರು ಪಾಲಿಸುತ್ತಾರೆ ಎಂಬುದು ಬೇರೆ ವಿಷಯ.

ಕಲ್ಚರ್‌ಗೆ ದೊಡ್ಡವರಿಂದ ಒಂದು ಬಾಟಲಿಗೆ 8ರಿಂದ 10 ಮಿ.ಲೀ. ಬೇಕು, ಆ್ಯಂಟಿಬಯಾಟಿಕ್ ಕೊಡುವ ಮೊದಲೇ ತೆಗೆಯಬೇಕು. ಚುಚ್ಚುವ ಜಾಗಕ್ಕೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಡಬೇಕು. ಬಾಯಲ್ಲಿ ಊದಿ ಒಣಗಿಸಿದರೆ ಬೆಳೆಯುವುದು ರೋಗಿಯ ಬ್ಯಾಕ್ಟೀರಿಯಾ ಅಲ್ಲ, ನಿಮ್ಮದು.

ಹಲವು ಆಸ್ಪತ್ರೆಗಳು ಸೇರಿದ ಕಡೆ ಇನ್ನೊಂದು ತೊಡಕು ರೋಗಿಯ ಗುರುತಿನದು. ಹೆರಿಗೆ ಆಸ್ಪತ್ರೆಯಲ್ಲಿ ಮಗುವಿಗೆ "ಬೇಬಿ ಆಫ್ ಲಕ್ಷ್ಮಮ್ಮ" ಎಂದು ಚೀಟಿ ಕಟ್ಟುತ್ತಾರೆ. ಆರು ತಿಂಗಳಿಗೆ ಆ ಮಗು ಹೆಸರಿಟ್ಟುಕೊಂಡು ಬೇರೆ ವಿಭಾಗಕ್ಕೆ ಬರುತ್ತದೆ, ಹೊಸ ನಂಬರು ಸಿಗುತ್ತದೆ. ಹುಟ್ಟಿದಾಗಿನ ತೂಕವನ್ನೂ ಈಗಿನ ಬೆಳವಣಿಗೆಯನ್ನೂ ಜೋಡಿಸಬೇಕಾದವರಿಗೆ ಎರಡೂ ತುದಿ ಸಿಗುವುದಿಲ್ಲ. ಮಗುವಿನ ಹಾಳೆಯಲ್ಲಿ ತಾಯಿಯ ಐ.ಪಿ. (ಒಳರೋಗಿ) ನಂಬರು, ಹುಟ್ಟಿದ ದಿನಾಂಕದ ಜತೆ ಸಮಯ, ಎರಡು ಫೋನ್ ನಂಬರುಗಳನ್ನು ಬರೆದಿಡಿ. ಒಂದೇ ನಂಬರು ಸಾಲದು, ಸಿಮ್ ಬದಲಾಗುತ್ತಿರುತ್ತದೆ.

ಇನ್ನು ಥೀಸಿಸ್. ನಿಮ್ಮ ಕೋರ್ಸು ಮೂರು ವರ್ಷ, ಅಂದರೆ 36 ತಿಂಗಳು. ಮೊದಲ ಆರು ತಿಂಗಳು ಸಿನಾಪ್ಸಿಸ್‌ಗೆ, ಅಂದರೆ ಅಧ್ಯಯನದ ಯೋಜನೆ ಬರೆದು ಒಪ್ಪಿಸುವುದಕ್ಕೆ, ಹೋಗುತ್ತದೆ, ಪರೀಕ್ಷೆಗೆ ಆರು ತಿಂಗಳು ಮೊದಲೇ ಥೀಸಿಸ್ ಒಪ್ಪಿಸಬೇಕು, ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿ ಇದೆ. ಲೆಕ್ಕ ಹಾಕಿ ಬರೆಯಲು ಇನ್ನೊಂದು ಮೂರು ತಿಂಗಳು ಬಿಟ್ಟರೆ ಡೇಟಾಕ್ಕೆ ಉಳಿಯುವುದು ಸುಮಾರು 18 ತಿಂಗಳು, ಅಂದರೆ 78 ವಾರ. ಒಂದು ಲೆಕ್ಕ ನೋಡಿ. ಒಂದು ತೊಂದರೆ ನೂರಕ್ಕೆ 30 ಜನರಲ್ಲಿ ಇರಬಹುದೆಂಬ ಅಂದಾಜಿದೆ, ಐದು ಶೇಕಡಾ ಆಚೀಚೆಯೊಳಗೆ ಉತ್ತರ ಬೇಕು ಎಂದುಕೊಳ್ಳಿ. 95 ಶೇಕಡಾ ವಿಶ್ವಾಸಕ್ಕೆ ಬಳಸುವ ಸಂಖ್ಯೆ 1.96, ಅದರ ವರ್ಗವನ್ನು 0.3ರಿಂದಲೂ 0.7ರಿಂದಲೂ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 323. ನೂರರಲ್ಲಿ ಹತ್ತು ಜನ ಕೈಬಿಡುತ್ತಾರೆಂದು ಇಟ್ಟುಕೊಂಡರೆ 359. ನಿಮ್ಮ ಯೂನಿಟ್ಟಿಗೆ ವಾರಕ್ಕೆ ಅಂಥ ಇಬ್ಬರು ರೋಗಿಗಳು ಬರುತ್ತಾರೆ. 78 ವಾರಕ್ಕೆ 156. ಆಗುವ ಮಾತಲ್ಲ.

ಇಲ್ಲಿ ಎಲ್ಲರೂ ಹಿಡಿಯುವ ದಾರಿ, ಐದು ಶೇಕಡಾ ಆಚೀಚೆಯನ್ನು ಹತ್ತು ಮಾಡುವುದು. 323 ಇದ್ದದ್ದು 81ಕ್ಕೆ ಇಳಿಯುತ್ತದೆ, ಗೈಡ್ ಸಹಿ ಹಾಕುತ್ತಾರೆ. ಇದು ಮೋಸವಲ್ಲ. ಆದರೆ ಕೊನೆಗೆ ನೀವು ಹೇಳುವುದು "20ರಿಂದ 40ರ ನಡುವೆ ಎಲ್ಲೋ ಇದೆ" ಎಂದು. ಅದು ನಿಮಗೆ ಮೊದಲೇ ಗೊತ್ತಿತ್ತು. ಇದಕ್ಕಿಂತ ಸಿನಾಪ್ಸಿಸ್ ಬರೆಯುವ ಮೊದಲು ಕಳೆದ ಮೂರು ತಿಂಗಳ ಓ.ಪಿ.ಡಿ. ರಿಜಿಸ್ಟರ್ ಕೂತು ಎಣಿಸಿ. ಎಷ್ಟು ಜನ ಬರುತ್ತಾರೋ ಅಷ್ಟಕ್ಕೆ ಉತ್ತರ ಸಿಗುವಂಥ ಪ್ರಶ್ನೆ ಆರಿಸಿಕೊಳ್ಳಿ. ಇಲ್ಲವೇ ಮೂರು ಯೂನಿಟ್‌ನವರು ಒಂದೇ ಪ್ರೊಫಾರ್ಮಾ (ವಿವರ ತುಂಬುವ ನಮೂನೆ) ಇಟ್ಟುಕೊಂಡು ಬೇರೆಬೇರೆ ಪ್ರಶ್ನೆ ಕೇಳಿ. ದೊಡ್ಡ ಆವರಣದ ನಿಜವಾದ ಲಾಭ ಅದು. ಅದನ್ನು ಬಳಸುವವರು ಕಡಿಮೆ, ಯಾಕೆಂದರೆ ಯೂನಿಟ್‌ಗಳ ನಡುವಿನ ಗೋಡೆ ಆಸ್ಪತ್ರೆಗಳ ನಡುವಿನ ರಸ್ತೆಗಿಂತ ಅಗಲ.

ಅಧ್ಯಯನದಿಂದ ರೋಗಿಗೆ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿಯನ್ನು ಸಹಿ ಹಾಕಿಸಿಕೊಳ್ಳುವ ಕೌಂಟರ್ ಎಂದುಕೊಳ್ಳಬೇಡಿ. ಕನಿಷ್ಠ 7 ಸದಸ್ಯರು, ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರು ಹೊರಗಿನವರೇ. ಕಾನೂನು ಬಲ್ಲವರೂ ಜನಸಾಮಾನ್ಯರೊಬ್ಬರೂ ಇರುತ್ತಾರೆ. ಆ ಜನಸಾಮಾನ್ಯ ಸದಸ್ಯರು ಓದುವುದು ನಿಮ್ಮ ಕನ್ನಡ ಒಪ್ಪಿಗೆ ಪತ್ರ. ಅದರಲ್ಲಿ "ಯಾದೃಚ್ಛಿಕ ಹಂಚಿಕೆ" ಎಂದಿದ್ದರೆ ವಾಪಸ್ ಬರುತ್ತದೆ, ಬರಲೇಬೇಕು. "ಯಾವ ಔಷಧ ಸಿಗುತ್ತದೆಂದು ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ" ಎಂದು ಬರೆಯಿರಿ. ಓದು ಬಾರದವರು ಹೆಬ್ಬೆಟ್ಟು ಒತ್ತಿದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಬೇಕು. ನಿಮ್ಮದೇ ಕೋ-ಪಿ.ಜಿ., ಅಂದರೆ ಜತೆಗೆ ಓದುವ ಡಾಕ್ಟರು, ಸಾಕ್ಷಿಯಲ್ಲ. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ದೇಶದ ಪ್ರಯೋಗಗಳ ನೋಂದಣಿ ತಾಣವಾದ ಸಿ.ಟಿ.ಆರ್.ಐ.ಯಲ್ಲಿ ನೋಂದಾಯಿಸಿ. 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕದ ನೋಂದಣಿ ಅಲ್ಲಿ ನಡೆಯುವುದಿಲ್ಲ.

ಚೀಟಿ ಎತ್ತುವುದು ಯಾಕೆ ಬೇಕು ಎನ್ನುವವರಿಗೆ 2020 ನೆನಪಿಸುತ್ತೇನೆ. ಕೋವಿಡ್ಡಿಗೆ ಗುಣವಾದವರ ಪ್ಲಾಸ್ಮಾ (ರಕ್ತದ ದ್ರವಭಾಗ) ಸಂಜೀವಿನಿ ಎಂದು ಊರೆಲ್ಲ ನಂಬಿತ್ತು, ವಾಟ್ಸ್ಆ್ಯಪ್ಪಿನಲ್ಲಿ ದಾನಿಗಳಿಗೆ ಮೊರೆಯಿಡುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ನಡೆಸಿದ ಪ್ಲಾಸಿಡ್ ಪ್ರಯೋಗ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ 19 ಶೇಕಡಾ, ಪಡೆಯದವರಲ್ಲಿ 18. ಕೊಟ್ಟವರನ್ನು ಮಾತ್ರ ಲೆಕ್ಕ ಹಾಕಿದ್ದರೆ ಐದರಲ್ಲಿ ನಾಲ್ವರು ಪ್ಲಾಸ್ಮಾದಿಂದ ಪಾರಾದರು ಎಂದೇ ಬರೆಯುತ್ತಿದ್ದೆವು.

ಕೊನೆಯದು ದಾಖಲೆ ಕೊಠಡಿ. ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕೇಸ್ ಶೀಟು ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ವೃತ್ತಿನಿಯಮ. ಹಳೆಯ ಕೇಸುಗಳನ್ನು ನೋಡುವ ಅಧ್ಯಯನ ಮಾಡುವವರು ಹತ್ತು ವರ್ಷದ ಯೋಜನೆ ಹಾಕುವ ಮುಂಚೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಬೇಕಾದ 20 ಕೇಸ್ ಶೀಟಿನ ನಂಬರು ಕೊಟ್ಟು ಎಷ್ಟು ಸಿಗುತ್ತವೆಂದು ನೋಡಿ. ಸಿಕ್ಕವುಗಳಲ್ಲಿ ನಿಮಗೆ ಬೇಕಾದ ಅಂಕಣ ಎಷ್ಟರಲ್ಲಿ ತುಂಬಿದೆ ಎಂದೂ ಎಣಿಸಿ. ಅಲ್ಲಿನ ಗುಮಾಸ್ತರನ್ನು ಮಾತಾಡಿಸಿ. ಯಾವ ವರ್ಷದ ಕಟ್ಟು ಯಾವ ಕಪಾಟಿನಲ್ಲಿದೆ, ಯಾವುದು ಮಳೆಗೆ ನೆನೆದಿದೆ ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಈಗ ಪ್ರಶ್ನೆಗಳಿದ್ದರೆ ಕೇಳಿ.