ಹೊಸ ಹಲ್ಲಿಯ ಮೊದಲ ಎರಡು ವಾರ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಇನ್ನು ಸ್ವಲ್ಪ ದಿನದಲ್ಲಿ ಲೆಪರ್ಡ್ ಗೆಕ್ಕೊ ಅನ್ನುವ ಸಾಕು ಹಲ್ಲಿ ತರುವವರಿದ್ದೀರಿ. ಹಾಗಾಗಿ ಇವತ್ತು ಮೊದಲ ಎರಡು ವಾರದ ಬಗ್ಗೆ ಮಾತ್ರ ಮಾತಾಡುತ್ತೇನೆ.

ನನ್ನ ಮೊದಲ ಹಲ್ಲಿ ಬಂದ ಸಂಜೆಯೇ, ಎಲ್ಲರಿಗೂ ತೋರಿಸುವ ಆಸೆಯಲ್ಲಿ ಮೇಲಿನಿಂದ ಕೈ ಹಾಕಿ ಎತ್ತಿದೆ. ಬಾಲ ಕಳಚಿ ನೆಲಕ್ಕೆ ಬಿತ್ತು. ಹಲ್ಲಿ ಅಲ್ಲಾಡದೆ ಕೂತಿತ್ತು, ಬಾಲ ಮಾತ್ರ ಒದ್ದಾಡುತ್ತಲೇ ಇತ್ತು. ಆಮೇಲೆ ಹೊಸ ಬಾಲ ಬಂತು, ನಿಜ. ಆದರೆ ಮೊದಲಿನ ಉಂಗುರಗಳಿಲ್ಲ, ಮೊಂಡಾಗಿ, ನುಣ್ಣಗೆ ಬಂತು. ಈ ಜಾತಿಗೆ ಬಾಲವೇ ಉಗ್ರಾಣ, ಮೈಯ ಕೊಬ್ಬು ಕೂಡಿಡುವುದು ಅಲ್ಲೇ. ಊಟ ಬಿಟ್ಟ ದಿನಗಳಲ್ಲಿ ಅದನ್ನು ಕಾಯಬೇಕಿದ್ದ ಗಂಟನ್ನೇ ನಾನು ಮೊದಲ ದಿನ ಕಳೆದಿದ್ದೆ. ಮೇಲಿನಿಂದ ಇಳಿಯುವ ಕೈ ಅದಕ್ಕೆ ಎರಗುವ ಹಕ್ಕಿಯ ಹಾಗೆ, ಅಲ್ವಾ?

ಹಲ್ಲಿ ಇರಬೇಕಾದ ಗಾಜಿನ ಪೆಟ್ಟಿಗೆ ಮೊದಲು ಸಿದ್ಧವಾಗಲಿ, ಹಲ್ಲಿ ಆಮೇಲೆ ಬರಲಿ. ಎರಡು ಮೂರು ದಿನ ಮುಂಚೆಯೇ ಹೀಟರ್ ಹಾಕಿ ನೋಡಿ. ಹಲ್ಲಿಯ ಮೈಗೆ ಬಿಸಿ ಹೊರಗಿನಿಂದಲೇ ಬರಬೇಕು, ತಿಂದದ್ದು ಅರಗುವುದಕ್ಕೂ ಅದೇ ಬೇಕು. ಒಂದು ಬದಿಯ ನೆಲ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ, ಇನ್ನೊಂದು ಬದಿ 25ರ ಹತ್ತಿರ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಬೇಡಿ, ಹೊಟ್ಟೆ ಸುಟ್ಟುಹೋಗುತ್ತದೆ. ಗಾಜಿಗೆ ಅಂಟಿಸಿದ ಮೀಟರ್ ತೋರಿಸುವುದು ಗಾಳಿಯ ಬಿಸಿ. ನಮಗೆ ಬೇಕಾದದ್ದು ಹೊಟ್ಟೆ ತಾಗುವ ನೆಲದ ಬಿಸಿ. ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಇನ್ನೊಂದು ಜಾತಿಯ ಹಲ್ಲಿ ತರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು, ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪ ಬೇಕೇ ಬೇಕು.

ಅಡಗುವ ಗೂಡು ಎರಡೂ ಬದಿಗೆ ಇಡಿ. ತಂಪಿನ ಬದಿಗೆ ಮಾತ್ರ ಇಟ್ಟರೆ, ಹೆದರಿದ ಹಲ್ಲಿ ಬಿಸಿ ಬಿಟ್ಟು ಗೂಡಿಗೇ ಹೋಗುತ್ತದೆ, ತಿಂದದ್ದು ಅರಗದೆ ಉಳಿಯುತ್ತದೆ. ಮೂರನೆಯ ಗೂಡಿನೊಳಗೆ ಒದ್ದೆ ಪಾಚಿ ಇರಲಿ, ಪೊರೆ ಸಲೀಸಾಗಿ ಬಿಡುತ್ತದೆ. ಬೆರಳಿಗೆ ಸುತ್ತಿಕೊಂಡು ಉಳಿದ ಪೊರೆ ಒಣಗಿ ಬಿಗಿದರೆ ಬೆರಳೇ ಸಾಯುತ್ತದೆ. ನೆಲಕ್ಕೆ ಸದ್ಯಕ್ಕೆ ಟಿಶ್ಯೂ ಪೇಪರ್ ಸಾಕು. ಮರಳಾದರೆ ಹುಳದ ಜೊತೆ ಹೊಟ್ಟೆಗೂ ಹೋಗುತ್ತದೆ. ಪೇಪರ್ ಮೇಲೆ ಹಿಕ್ಕೆಯೂ ಸರಿಯಾಗಿ ಕಾಣುತ್ತದೆ.

ಇನ್ನು ಊಟ. ಹೊಸ ಜಾಗದಲ್ಲಿ ಆರೋಗ್ಯವಾಗಿರುವ ದೊಡ್ಡ ಹಲ್ಲಿ ಒಂದು ವಾರ ತಿನ್ನದಿದ್ದರೂ ಗಾಬರಿ ಬೇಡ. ಬಾಯಿ ಬಿಡಿಸಿ ತುರುಕಬೇಡಿ. ತಿನ್ನದೆ ಉಳಿದ ಹುಳ ರಾತ್ರಿಯೇ ತೆಗೆಯಿರಿ, ಕ್ರಿಕೆಟ್ ಹುಳಗಳು ಹಲ್ಲಿಯನ್ನೇ ಕಚ್ಚುತ್ತವೆ. ವಾರಕ್ಕೊಮ್ಮೆ ಡಬ್ಬಿಯಲ್ಲಿ ಕೂರಿಸಿ ತೂಕ ನೋಡಿ, ಬರೆದಿಡಿ. ತೂಕ ಇಳಿಯುತ್ತಲೇ ಇದ್ದರೆ, ಬಾಲ ತೆಳ್ಳಗಾದರೆ, ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಮರಿಯಾದರೆ ಅಷ್ಟು ಕಾಯುವುದೂ ಬೇಡ. ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಹಲ್ಲಿಗಳಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಎರಡನೆಯ ಹಲ್ಲಿ ಬಂದಾಗ ನಾನು ನೀರು ಬದಲಿಸುವುದು, ಹುಳ ಹಾಕುವುದು, ಇಷ್ಟೇ ಮಾಡಿದೆ. ಒಂಬತ್ತನೆಯ ಸಂಜೆ ಅದು ತಾನಾಗಿ ಗೂಡಿನಿಂದ ಮೂತಿ ಹೊರಗೆ ಹಾಕಿತು. ಕಲ್ಲು ನೆಕ್ಕಿತು, ನೀರಿನ ಬಟ್ಟಲು ನೆಕ್ಕಿತು. ಹಲ್ಲಿಗೆ ಜಾಗದ ಗುರುತು ಸಿಗುವುದು ಹಾಗೆಯೇ, ನಾಲಿಗೆಯಿಂದ ವಾಸನೆ ಎತ್ತಿಕೊಂಡು. ನಾನು ನೆಲದ ಮೇಲೆ ಸುಮ್ನೆ ಕೈ ಚಾಚಿ ಇಟ್ಟಿದ್ದೆ. ಹತ್ತಿರ ಬಂದು ಬೆರಳ ತುದಿಯನ್ನೂ ಒಮ್ಮೆ ನೆಕ್ಕಿ, ತಿರುಗಿ ಬಿಸಿ ಬದಿಯ ಗೂಡಿಗೆ ನಡೆಯಿತು.