ಉಪ್ಪಿನಕಾಯಿ ಡಬ್ಬಿಯಲ್ಲಿ ಬಂದ ಗಡ್ಡೆ

ಎಲ್ಲರಿಗೂ ನಮಸ್ಕಾರ. ಹೊರಗೆ ಮಂಡಕ್ಕಿ, ಮಿರ್ಚಿ ರೆಡಿಯಾಗುತ್ತಿದೆ. ದಾವಣಗೆರೆಯಲ್ಲಿ ಆ ವಾಸನೆಯ ಎದುರು ಭಾಷಣ ಮಾಡುವುದು ಕಷ್ಟ. ನಾನು ಗಡ್ಡೆಯ ತುಂಡುಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಡಾಕ್ಟರು. ನೇರ ವಿಷಯಕ್ಕೆ ಬರುತ್ತೇನೆ.

ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ‘ಹರ್-ಟೂ’ ಅಂತ ಒಂದು ಸಾಲು ಇರುತ್ತದೆ. ಅದು 17ನೇ ಕ್ರೋಮೋಸೋಮಿನ ಮೇಲಿರುವ ಒಂದು ಜೀನ್. ನಮ್ಮೆಲ್ಲರಲ್ಲೂ ಇದೆ, ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು. ಆದರೆ ನೂರರಲ್ಲಿ ಸುಮಾರು 15ರಿಂದ 20 ಸ್ತನ ಕ್ಯಾನ್ಸರುಗಳಲ್ಲಿ ಈ ಜೀನ್ ವಿಪರೀತ ಕೆಲಸ ಮಾಡುತ್ತದೆ. ಎರಡಿರಬೇಕಾದ ಪ್ರತಿಗಳು ಹತ್ತು, ಇಪ್ಪತ್ತು ಆಗಿರುತ್ತವೆ. ಅಂಥ ಕ್ಯಾನ್ಸರ್ ಬೇಗ ಮರುಕಳಿಸುತ್ತದೆ ಎಂದು ಅಮೆರಿಕದ ಡೆನಿಸ್ ಸ್ಲಾಮನ್ ತಂಡ 1987ರಲ್ಲಿ ತೋರಿಸಿತು. 1998ರಲ್ಲಿ ಇದಕ್ಕೆಂದೇ ಮಾಡಿದ ಟ್ರಾಸ್ಟುಝುಮ್ಯಾಬ್ ಔಷಧಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಬೇಕಾದವರಿಗೆ ಅದು ದೊಡ್ಡ ಆಸರೆ. ಬೇಡದವರಿಗೆ ಕೊಟ್ಟರೆ ದುಡ್ಡೂ ದಂಡ, ಹೃದಯಕ್ಕೂ ತೊಂದರೆ ಆಗಬಹುದು. ಅದಕ್ಕೇ ಈ ಪರೀಕ್ಷೆ.

‘ಮಗಳಿಗೂ ಬರುತ್ತಾ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಹರ್-ಟೂ ಹೆಚ್ಚಳ ಗಡ್ಡೆಯೊಳಗೇ ಆಗುವಂಥದ್ದು, ವಂಶದಲ್ಲಿ ಬರುವುದಲ್ಲ. ವಂಶದಲ್ಲಿ ಬರುವ ಬಿಆರ್‌ಸಿಎ ಬೇರೆ ಜೀನ್. ಅದನ್ನು ಸಾಮಾನ್ಯವಾಗಿ ರಕ್ತದಲ್ಲಿ ನೋಡುತ್ತೇವೆ.

ಮೊದಲ ಪರೀಕ್ಷೆ ಐಎಚ್‌ಸಿ. ಇದು ಜೀನನ್ನು ನೋಡುವುದಿಲ್ಲ, ಜೀನ್ ಮಾಡಿಸುವ ಪ್ರೋಟೀನನ್ನು ನೋಡುತ್ತದೆ. ಪ್ರತಿ ಜೀವಕೋಶವನ್ನೂ ಒಂದು ಹೊಲ ಅಂದುಕೊಳ್ಳಿ. ಬಣ್ಣ ಹತ್ತುವುದು ಬದುವಿಗೆ. ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಕೋಶಗಳ ಬದು ಸುತ್ತಲೂ ಗಾಢ ಕಂದು ಆಗಿದ್ದರೆ 3+, ಅಂದರೆ ಪಾಸಿಟಿವ್. ಸೊನ್ನೆ, 1+ ಇದ್ದರೆ ನೆಗೆಟಿವ್. 2+ ಬಂದರೆ ಮಾತ್ರ ತಲೆನೋವು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

ಆಗ ಫಿಶ್ ಮಾಡುತ್ತೇವೆ. ಮೀನಲ್ಲ! ಹೊಳೆಯುವ ಬಣ್ಣ ಹಚ್ಚಿ, ಕತ್ತಲೆ ಕೋಣೆಯಲ್ಲಿ ಜೀನನ್ನೇ ಎಣಿಸುವ ವಿಧಾನ. ಹರ್-ಟೂ ಕೆಂಪು ಚುಕ್ಕೆ, 17ನೇ ಕ್ರೋಮೋಸೋಮಿನ ನಡು ಹಸಿರು ಚುಕ್ಕೆ. ಕಡಿಮೆ ಅಂದರೂ 20 ಕೋಶ ಎಣಿಸಬೇಕು. ಕೆಂಪು 120, ಹಸಿರು 40 ಬಂತು ಅನ್ನಿ. ಅನುಪಾತ 3, ಕೋಶಕ್ಕೆ ಸರಾಸರಿ ಆರು ಜೀನ್. ಪಾಸಿಟಿವ್. ಕೆಂಪು ಬರೀ 48 ಇದ್ದರೆ ಅನುಪಾತ 1.2, ನೆಗೆಟಿವ್. ಪಾಸಿಟಿವ್ ಅನ್ನಲು ಅನುಪಾತ ಕಡಿಮೆ ಅಂದರೂ 2 ಇರಬೇಕು, ಜೊತೆಗೆ ಸರಾಸರಿಯೂ ನಾಲ್ಕು ಮುಟ್ಟಬೇಕು. ನಡುವೆ ಸಿಕ್ಕಿಕೊಳ್ಳುವ ಕೇಸುಗಳೂ ಇವೆ, ಅವನ್ನು ನಮ್ಮ ಜಗಳಕ್ಕೆ ಬಿಡಿ.

ಮಷಿನ್ನು ಎಷ್ಟು ದುಬಾರಿ ಎಂದು ಎಲ್ಲರೂ ಕೇಳುತ್ತಾರೆ. ಗಡ್ಡೆಯನ್ನು ಹಾಕಿ ಕಳಿಸುವ ಡಬ್ಬಿಯ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಪರೀಕ್ಷೆ ಕೆಡುವುದು ಲ್ಯಾಬಿನಲ್ಲಿ ಅಲ್ಲ, ಡಬ್ಬಿಯಲ್ಲಿ.

ಒಮ್ಮೆ ಚಿತ್ರದುರ್ಗದ ಕಡೆಯಿಂದ ಬಸ್ಸಿನಲ್ಲಿ ಒಂದು ಉಪ್ಪಿನಕಾಯಿ ಡಬ್ಬಿ ಬಂತು. ಶನಿವಾರ ಆಪರೇಷನ್, ಸೋಮವಾರ ನಮ್ಮ ಕೈಗೆ. ಇಡೀ ಸ್ತನವನ್ನು ಕುಯ್ಯದೆ ಹಾಗೇ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್, ಅಂದರೆ ತುಂಡು ಕೊಳೆಯದಂತೆ ಕಾಪಾಡುವ ದ್ರವ, ಸುರಿದಿದ್ದರು. ಫಾರ್ಮಲಿನ್ ಒಳಗಿಳಿಯುವುದು ಹೆಚ್ಚುಕಡಿಮೆ ಗಂಟೆಗೆ ಒಂದು ಮಿಲಿಮೀಟರ್. ಅಂಚು ಗಟ್ಟಿಯಾಗಿತ್ತು, ನಡುವೆ ಕೊಳೆತು ಮೆತ್ತಗಾಗಿತ್ತು. ಬಣ್ಣ ಹಾಕಿದರೆ ಅಂಚಿನಲ್ಲಿ ಕಡುಕಂದು, ನಡುವೆ ಸೊನ್ನೆ. ಒಂದೇ ಹೆಣ್ಣುಮಗಳ ಒಂದೇ ಗಡ್ಡೆ! ನಡುವಿನ ತುಂಡನ್ನಷ್ಟೇ ತೆಗೆದುಕೊಂಡಿದ್ದರೆ ನಾನು ನೆಗೆಟಿವ್ ಅಂತ ಬರೆದು ಸಹಿ ಹಾಕುತ್ತಿದ್ದೆ. ಅದೃಷ್ಟಕ್ಕೆ ಮೊದಲು ಮಾಡಿದ್ದ ಸೂಜಿ ಬಯಾಪ್ಸಿ ಇತ್ತು. ಅದು ದಾರದಷ್ಟು ತೆಳು, ಹಾಕಿದ ಕೂಡಲೇ ಫಾರ್ಮಲಿನ್ ಇಳಿದಿತ್ತು. ಅದರಲ್ಲಿ 3+ ಬಂತು.

ನಿಯಮ ಸರಳ. ತೆಗೆದ ಒಂದು ಗಂಟೆಯೊಳಗೆ ತುಂಡನ್ನು ಫಾರ್ಮಲಿನ್‌ಗೆ ಹಾಕಬೇಕು. ದೊಡ್ಡದಿದ್ದರೆ ಬ್ರೆಡ್ಡಿನ ಹಾಗೆ ಸೀಳಬೇಕು. ಅಗಲ ಬಾಯಿಯ ಡಬ್ಬಿ, ತುಂಡಿನ ಹತ್ತು ಪಟ್ಟು ದ್ರವ. ಆ ದ್ರವದಲ್ಲಿ ಇಡುವುದು ಆರು ಗಂಟೆಗೆ ಕಡಿಮೆ ಬೇಡ, 72 ಗಂಟೆಗೆ ಜಾಸ್ತಿ ಬೇಡ. ಮನೆಯವರು ‘ಎಷ್ಟು ಗಂಟೆಗೆ ತೆಗೆದಿರಿ, ಎಷ್ಟು ಗಂಟೆಗೆ ಹಾಕಿದಿರಿ?’ ಅಂತ ಕೇಳಿದರೆ ತಪ್ಪೇನಿಲ್ಲ. ಸರ್ಜನ್ ಮುಖ ಸ್ವಲ್ಪ ಸಿಂಡರಿಸಬಹುದು, ಅಷ್ಟೇ ಅಲ್ವಾ?

ಇನ್ನೊಂದು ಮಾತು. ಬೇರೆ ಊರಿಗೆ ಚಿಕಿತ್ಸೆಗೆ ಹೋಗುವಾಗ ರಿಪೋರ್ಟಿನ ಜೊತೆ ಮೇಣದ ಬ್ಲಾಕನ್ನೂ, ಅಂದರೆ ಗಡ್ಡೆಯ ತುಂಡನ್ನು ಕೂರಿಸಿಟ್ಟ ಮೇಣದ ಗಟ್ಟಿಯನ್ನೂ, ಕೇಳಿ ಪಡೆಯಿರಿ. ವರ್ಷಗಳ ನಂತರವೂ ಅದರಿಂದ ಮತ್ತೆ ಪರೀಕ್ಷೆ ಮಾಡಬಹುದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಮೇಣ ಕರಗುತ್ತದೆ.